ಚೆಕ್ ಎಂಬ ಅರಸ

ಮನೆಯಿಂದ ಹೊರಡುವ ಮುನ್ನ ಗ್ಯಾಸ್ ಆಫ್ ಆಗಿದೆಯೇ ಎಂದು ಚೆಕ್ ಮಾಡುತ್ತೇವೆ. ಬಸ್ಸಿಗೆ ಚೆಕಿಂಗ್‌ನವರು ಹತ್ತಿದರೆ ಜೇಬಿನಲ್ಲಿ ಟಿಕೆಟ್ಟಿಗಾಗಿ ತಡಕಾಡುತ್ತೇವೆ. ಊರಾಚೆ ಚೆಕ್‌ಪೋಸ್ಟ್ ಇದೆ, ಹಳ್ಳಕ್ಕೆ ಅಡ್ಡಲಾಗಿ ಚೆಕ್ ಡ್ಯಾಂ ಇದೆ, ಬೀರುವಿನಲ್ಲಿ ಚೆಕ್ಸ್ ಅಂಗಿ ಇದೆ, ಮೇಜಿನ ಖಾನೆಯಲ್ಲಿ ಈಚೆಗೆ ಯಾರೂ ಅಷ್ಟಾಗಿ ಮುಟ್ಟದ ಚೆಕ್ ಪುಸ್ತಕವಿದೆ. ಇಷ್ಟೆಲ್ಲ ಕಡೆ ದುಡಿಯುವ ಈ ಪದಕ್ಕೆ ಕನ್ನಡದಲ್ಲಿ ಒಂದೇ ಸಮಾನಪದ ಹುಡುಕಲು ಹೊರಟವರು ಸೋಲುತ್ತಾರೆ. ತಪಾಸಣೆ, ತಡೆ, ಚೌಕುಳಿ, ಬ್ಯಾಂಕಿಗೆ ಬರೆದುಕೊಡುವ ಚೀಟಿ: ಇವುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ನಂಟು ಕಾಣುವುದಿಲ್ಲ. ಒಂದೇ ಉಚ್ಚಾರದ ಅಡಿಯಲ್ಲಿ ಆಕಸ್ಮಿಕವಾಗಿ ಬಂದು ಕೂತ ನಾಲ್ಕಾರು ಬೇರೆ ಬೇರೆ ಪದಗಳಿರಬೇಕು ಅನ್ನಿಸುತ್ತದೆ. ಆದರೆ ಇವೆಲ್ಲವೂ ಒಂದೇ ಪದ. ಅದರ ಮೊದಲ ಅರ್ಥ ‘ಅರಸ’.

ಆ ಅರಸ ಪರ್ಷಿಯಾದವನು. ಪರ್ಷಿಯನ್ ಭಾಷೆಯ ‘ಶಾಹ್’ ಎಂಬ ಪದವೇ ಅರಬರ ಬಾಯಿಂದ ಲ್ಯಾಟಿನ್ನಿಗೆ, ಅಲ್ಲಿಂದ ಹಳೆಯ ಫ್ರೆಂಚಿಗೆ ಹೋಗಿ, ‘ಎಶೆಕ್’ ಎಂದಾಗಿ, ಸುಮಾರು 1300ರ ಹೊತ್ತಿಗೆ ಇಂಗ್ಲಿಷಿನಲ್ಲಿ ‘ಚೆಕ್’ ಆಯಿತು. ಇನ್ನೂ ಹಿಂದಕ್ಕೆ ಹೋದರೆ, ಬೆಹಿಸ್ತೂನಿನ ಬಂಡೆಯ ಮೇಲೆ ದೊರೆ ಡೇರಿಯಸ್ ಕೆತ್ತಿಸಿದ ಶಾಸನದಲ್ಲಿ ಇದರ ಪೂರ್ವಜ ‘ಕ್ಷಾಯಥಿಯ’ ಸಿಗುತ್ತದೆ. ಅಲ್ಲಿಯೂ ಅದಕ್ಕೆ ಅರಸ ಎಂದೇ ಅರ್ಥ. ಸಂಸ್ಕೃತ ಬಲ್ಲವರಿಗೆ ಈ ಪದದ ಮುಖ ಕಂಡೊಡನೆ ಮನೆತನ ತಿಳಿಯುತ್ತದೆ: ಕ್ಷತ್ರ, ಕ್ಷತ್ರಿಯ. ಎರಡೂ ಆಳುವುದು, ಒಡೆತನ ಹೊಂದುವುದು ಎಂಬ ಅರ್ಥದ ಒಂದೇ ಬೇರಿನವು. ಬ್ಯಾಂಕಿನ ಚೆಕ್ಕೂ ನಮ್ಮ ಕ್ಷತ್ರಿಯನೂ ದಾಯಾದಿಗಳು ಎಂದರೆ ತಮಾಷೆಯಂತೆ ಕೇಳಿಸುತ್ತದೆ, ಆದರೆ ವ್ಯುತ್ಪತ್ತಿ ಇರುವುದೇ ಹಾಗೆ.

ಅರಸ ಎಂಬ ಪದ ತಡೆ ಎಂಬ ಅರ್ಥಕ್ಕೆ ತಿರುಗಿದ್ದು ಆಟದ ಹಲಗೆಯ ಮೇಲೆ, ಆ ಹಲಗೆ ಹೋದದ್ದು ಇಲ್ಲಿಂದ. ಚದುರಂಗದ ಮೊದಲ ಸ್ಪಷ್ಟ ಉಲ್ಲೇಖಗಳಲ್ಲಿ ಒಂದು ಏಳನೆಯ ಶತಮಾನದ ಬಾಣಭಟ್ಟನ ‘ಹರ್ಷಚರಿತ’ದಲ್ಲಿದೆ. ಹರ್ಷನ ರಾಜ್ಯದಲ್ಲಿ ಎಂಥ ಶಾಂತಿ ಇತ್ತೆಂದರೆ ಚತುರಂಗ ಬಲದ ವ್ಯೂಹ ಕಾಣುತ್ತಿದ್ದದ್ದು ಆಟದ ಹಲಗೆಯ ಮೇಲೆ ಮಾತ್ರ ಎಂಬ ಅರ್ಥದ ಶ್ಲೇಷೆ ಅದು. ಅದೇ ಹರ್ಷ ದಕ್ಷಿಣಕ್ಕೆ ದಂಡೆತ್ತಿ ಬಂದಾಗ ಬಾದಾಮಿಯ ಇಮ್ಮಡಿ ಪುಲಕೇಶಿ ಅವನನ್ನು ತಡೆದ. ಆಗ ಹರ್ಷನ ಹರ್ಷವೇ ಇಳಿದುಹೋಯಿತೆಂದು 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಇನ್ನೊಂದು ಶ್ಲೇಷೆ ಕಟ್ಟಿದ್ದಾನೆ. ಬಾಣನ ಕತೆ ಆ ಘಟನೆಯವರೆಗೆ ಬರುವುದೇ ಇಲ್ಲ. ಆಸ್ಥಾನದ ಕವಿಗೆ ಬರಬೇಕಾದ ಅವಸರವೂ ಇರಲಿಲ್ಲ.

ಚತುರಂಗ ಪರ್ಷಿಯಾಕ್ಕೆ ಹೋಗಿ ‘ಚತ್ರಂಗ್’ ಆಯಿತು. ಭಾರತದ ಒಬ್ಬ ಅರಸ ಈ ಆಟವನ್ನು ಒಗಟಿನಂತೆ ಖುಸ್ರೋ ಅನುಶೀರ್ವಾನನ ಆಸ್ಥಾನಕ್ಕೆ ಕಳಿಸಿದನೆಂದೂ, ಮಂತ್ರಿ ಬುಜುರ್ಗ್‌ಮೆಹ್ರ್ ಅದನ್ನು ಬಿಡಿಸಿದನೆಂದೂ ಪರ್ಷಿಯನ್ನರ ಹಳೆಯ ಕತೆ ಹೇಳುತ್ತದೆ. ಕತೆ ಹೇಗಾದರೂ ಇರಲಿ, ಅಲ್ಲಿ ಆಟಕ್ಕೆ ಒಂದು ಶಿಷ್ಟಾಚಾರ ಸೇರಿಕೊಂಡಿತು. ಎದುರಾಳಿಯ ಅರಸನ ಮೇಲೆ ದಾಳಿ ಬಿದ್ದಾಗ ಸುಮ್ಮನೆ ಅವನನ್ನು ಎತ್ತಿಹಾಕುವುದಲ್ಲ, ‘ಶಾಹ್!’ ಎಂದು ಬಾಯಿಬಿಟ್ಟು ಹೇಳಬೇಕು. ‘ಅರಸಾ, ನೋಡಿಕೋ’ ಎಂದಂತೆ. ಆ ಮಾತು ಬಿದ್ದ ಮೇಲೆ ಎದುರಾಳಿ ತನ್ನ ಉಳಿದ ಎಲ್ಲ ಯೋಜನೆ ಬಿಟ್ಟು ಅರಸನನ್ನು ಉಳಿಸಿಕೊಳ್ಳಬೇಕು. ಆನೆಯನ್ನು ಹೊಡೆಯುವ ಅವಕಾಶವಿದ್ದರೂ ಹೊಡೆಯುವಂತಿಲ್ಲ, ಗೆಲುವು ಒಂದೇ ನಡೆಯ ದೂರದಲ್ಲಿದ್ದರೂ ನಡೆಯುವಂತಿಲ್ಲ. ಉಳಿಸಿಕೊಳ್ಳಲು ದಾರಿಯೇ ಇಲ್ಲದಿದ್ದರೆ ‘ಶಾಹ್ ಮಾತ್’. ಇದನ್ನು ‘ಅರಸ ಸತ್ತ’ ಎಂದು ಬಿಡಿಸುವವರು ಅರಬ್ಬಿಯ ಕ್ರಿಯಾಪದವೊಂದನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಪರ್ಷಿಯನ್ನಿನಲ್ಲಿ ‘ಮಾತ್’ ಎಂದರೆ ದಿಕ್ಕುಗಾಣದವನು, ಕೈಸೋತವನು. ನನಗೆ ಎರಡನೆಯದೇ ಸರಿ ಎನಿಸುತ್ತದೆ. ಹಲಗೆಯ ಮೇಲೆ ಅರಸ ಯಾವತ್ತೂ ಸಾಯುವುದಿಲ್ಲ, ಎಲ್ಲಿಗೂ ಹೋಗಲಾರದೆ ನಿಂತುಬಿಡುತ್ತಾನೆ.

651ರಲ್ಲಿ ಸಸಾನಿಯನ್ನರ ಕೊನೆಯ ಶಾಹ್ ಮೂರನೆಯ ಯಜ್ದೆಗೆರ್ದ್ ಅರಬರಿಂದ ತಪ್ಪಿಸಿಕೊಂಡು ಓಡುತ್ತ ಮರ್ವ್ ನಗರದ ಬಳಿ ಕೊಲೆಯಾದ. ಸಿಂಹಾಸನ ಹೋಯಿತು, ಆಟ ಗೆದ್ದವರ ಕೈಸೇರಿತು. ‘ಚ’ ಎಂಬ ಧ್ವನಿ ಇಲ್ಲದ ಅರಬ್ಬಿಯಲ್ಲಿ ಅದು ‘ಶತ್ರಂಜ್’ ಆಗಿ ಸ್ಪೇನು, ಸಿಸಿಲಿಗಳ ತನಕ ನಡೆಯಿತು. ಹತ್ತನೆಯ ಶತಮಾನದ ಕೊನೆಗೆ ಸ್ವಿಟ್ಜರ್ಲೆಂಡಿನ ಮಠವೊಂದರಲ್ಲಿ ಈ ಆಟದ ಮೇಲೆ ಲ್ಯಾಟಿನ್ ಪದ್ಯ ಬರೆದಿಟ್ಟಿದ್ದರು. ‘ಶಾಹ್’ನ ಕೊನೆಯ ಉಸಿರಿನಂಥ ಹಕಾರ ಯುರೋಪಿನ ನಾಲಗೆಯಲ್ಲಿ ಗಟ್ಟಿ ಕಕಾರವಾಯಿತು. ಫ್ರೆಂಚರ ‘ಎಶೆಕ್’ನ ಬಹುವಚನದಿಂದ ಇಂಗ್ಲಿಷಿನ ‘ಚೆಸ್’ ಹುಟ್ಟಿತು. ಅಂದರೆ ಚೆಸ್ ಎಂದರೆ ‘ಅರಸರು’ ಎಂದಷ್ಟೇ. ಹಲಗೆಯ ಚೌಕಗಳಿಂದ ಚೌಕುಳಿ ಬಟ್ಟೆಗೆ ಹೆಸರು ಬಂತು. ಅರಸನಿಗೆ ಬಿದ್ದ ಹಠಾತ್ ತಡೆಯಿಂದ ಯಾವುದೇ ತಡೆಗೂ ಅದೇ ಹೆಸರಾಯಿತು. ಹಳ್ಳದ ನೀರನ್ನು ಹಿಡಿದು ನಿಲ್ಲಿಸುವ ಒಡ್ಡಿನ ತನಕ ಆ ಅರ್ಥ ಹರಿದುಬಂದಿದೆ.

ಇಲ್ಲಿಂದ ಮುಂದೆ ಪದದ ಚರಿತ್ರೆ ಆಟವನ್ನು ಬಿಟ್ಟು ಲೆಕ್ಕದ ಮನೆಗೆ ಹೋಗುತ್ತದೆ.

ಹನ್ನೆರಡನೆಯ ಶತಮಾನದ ಇಂಗ್ಲೆಂಡಿನಲ್ಲಿ ವರ್ಷಕ್ಕೆರಡು ಬಾರಿ, ಈಸ್ಟರ್ ಹೊತ್ತಿಗೊಮ್ಮೆ, ಸೆಪ್ಟೆಂಬರ್ ಕೊನೆಯ ಮೈಕಲ್‌ಮಸ್ ಹೊತ್ತಿಗೊಮ್ಮೆ, ಸೀಮೆ ಸೀಮೆಯ ಶೆರಿಫರು ಅರಸನ ಅಧಿಕಾರಿಗಳ ಮುಂದೆ ಬಂದು ಲೆಕ್ಕ ಒಪ್ಪಿಸಬೇಕಿತ್ತು. ಅವರು ಕೂರುತ್ತಿದ್ದ ಮೇಜಿನ ಸುತ್ತ ನಡೆಯುವುದನ್ನು ಎರಡನೆಯ ಹೆನ್ರಿಯ ಖಜಾಂಚಿ ರಿಚರ್ಡ್ ಫಿಟ್ಜ್‌ನೀಲ್ 1170ರ ದಶಕದಲ್ಲಿ ಗುರುಶಿಷ್ಯ ಸಂವಾದದ ರೂಪದಲ್ಲಿ ಬರೆದಿಟ್ಟಿದ್ದಾನೆ. ಮೇಜು ಸುಮಾರು ಹತ್ತು ಅಡಿ ಉದ್ದ, ಐದು ಅಡಿ ಅಗಲ. ಇಟ್ಟ ಬಿಲ್ಲೆಗಳು ಉರುಳಿ ಬೀಳದಂತೆ ಅಂಚಿಗೆ ನಾಲ್ಕು ಬೆರಳೆತ್ತರದ ಕಟ್ಟು. ಮೇಲೆ ಗೆರೆ ಹಾಕಿದ ಕಪ್ಪು ಬಟ್ಟೆ. ಬಲಗಡೆಯ ಕೊನೆಯ ಸಾಲು ಪೆನ್ಸಿಗೆ, ಅದರ ಪಕ್ಕದ್ದು ಷಿಲಿಂಗಿಗೆ, ಮುಂದಿನದು ಪೌಂಡಿಗೆ, ಹೀಗೆ ಇಪ್ಪತ್ತು, ನೂರು, ಸಾವಿರದ ತನಕ. ಶೆರಿಫ್ ಕೊಡಬೇಕಾದ ಮೊತ್ತವನ್ನು ಬಿಲ್ಲೆಗಳಲ್ಲಿ ಜೋಡಿಸಿ, ಅವನು ಕೊಟ್ಟದ್ದನ್ನು ಅದರ ಕೆಳಗೆ ಜೋಡಿಸಿ, ಕಳೆಯುತ್ತ ಹೋಗುವುದು. ಕಾಗದದ ಮೇಲೆ ರೋಮನ್ ಅಂಕಿಗಳಲ್ಲಿ ಕೂಡಿ ಕಳೆಯಲು ಹೊರಟವನಿಗೆ ಈ ಬಟ್ಟೆಯ ಬೆಲೆ ಗೊತ್ತಾಗುತ್ತದೆ. ಓದುಬರಹ ಬಾರದ ಶೆರಿಫನೂ ತನ್ನ ಸಾಲ ಕಣ್ಣೆದುರೇ ಕರಗುವುದನ್ನೋ ಕರಗದೆ ಉಳಿಯುವುದನ್ನೋ ನೋಡಬಹುದಿತ್ತು.

ಇದಕ್ಕೆ ಚದುರಂಗದ ಹಲಗೆಯ ಹೆಸರೇಕೆ ಎಂದು ಶಿಷ್ಯ ಕೇಳುತ್ತಾನೆ. ಹಲಗೆಯಂತೆ ಕಾಣುತ್ತದೆ ಎನ್ನುವುದು ಗುರುವಿನ ಮೊದಲ ಉತ್ತರ. ಆಮೇಲೆ ಅವನು ಇನ್ನೊಂದು ಮಾತು ಸೇರಿಸುತ್ತಾನೆ: ಅಲ್ಲಿ ಇಬ್ಬರು ಅರಸರ ನಡುವೆ ಕಾಳಗ ನಡೆಯುವಂತೆ ಇಲ್ಲಿ ಖಜಾಂಚಿಗೂ ಶೆರಿಫನಿಗೂ ಕಾಳಗ ನಡೆಯುತ್ತದೆ, ಉಳಿದವರು ತೀರ್ಪುಗಾರರಂತೆ ಕೂತು ನೋಡುತ್ತಾರೆ. ಲೆಕ್ಕಪರಿಶೋಧನೆಯ ಬಗ್ಗೆ ಇಷ್ಟು ಪ್ರಾಮಾಣಿಕವಾದ ವರ್ಣನೆಯನ್ನು ನಾನು ಬೇರೆಲ್ಲೂ ಓದಿಲ್ಲ. ಆ ಚೌಕುಳಿ ಬಟ್ಟೆಯಿಂದಲೇ ಬ್ರಿಟನ್ನಿನ ಖಜಾನೆಗೆ ‘ಎಕ್ಸ್‌ಚೆಕರ್’ ಎಂದು ಹೆಸರಾಯಿತು. ಅಲ್ಲಿನ ಹಣಕಾಸು ಮಂತ್ರಿ ಇಂದಿಗೂ ‘ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್’. ನೇರವಾಗಿ ಕನ್ನಡಿಸಿದರೆ ಚದುರಂಗದ ಹಲಗೆಯ ಮಂತ್ರಿ!

ಹಣ ಕಟ್ಟಿದ್ದಕ್ಕೆ ಅಲ್ಲಿ ರಸೀದಿಯಾಗಿ ಕೊಡುತ್ತಿದ್ದದ್ದು ಮರದ ಕಡ್ಡಿ. ಮೊತ್ತಕ್ಕೆ ತಕ್ಕಂತೆ ಕಡ್ಡಿಯ ಮೇಲೆ ಅಡ್ಡಕಚ್ಚು ಹಾಕಿ, ಉದ್ದಕ್ಕೆ ಎರಡಾಗಿ ಸೀಳಿ, ಒಂದು ಭಾಗ ಹಣ ಕೊಟ್ಟವನಿಗೆ, ಇನ್ನೊಂದು ಖಜಾನೆಗೆ. ಮುಂದೆ ತಕರಾರು ಬಂದರೆ ಎರಡನ್ನೂ ಜೋಡಿಸಿ ನೋಡುವುದು. ಕಚ್ಚುಗಳೂ ಮರದ ನಾರೂ ಕೂಡಿಬಂದರೆ ಸಾಚಾ. ಹಣ ಕೊಟ್ಟವನ ಉದ್ದನೆಯ ತುಂಡಿಗೆ ‘ಸ್ಟಾಕ್’ ಎಂದು ಹೆಸರು. ಷೇರುಪೇಟೆಯ ಸ್ಟಾಕ್ ಇದೇ ಮರದ ಸಂತತಿ. 1826ರವರೆಗೆ ಬಳಕೆಯಲ್ಲಿದ್ದ ಈ ಕಡ್ಡಿಗಳ ಉಳಿಕೆಯನ್ನು, ಎರಡು ಬಂಡಿಯಷ್ಟು, 1834ರ ಅಕ್ಟೋಬರ್ 16ರಂದು ಸಂಸತ್ ಭವನದ ಕೆಳಗಿನ ಒಲೆಗಳಿಗೆ ತುಂಬಿದರು. ಒಲೆ ವಿಪರೀತ ಕಾದು ಬೆಂಕಿ ಮೇಲಕ್ಕೇರಿತು. ಸಂಸತ್ತಿನ ಎರಡೂ ಸದನಗಳ ಕಟ್ಟಡ ಬೂದಿಯಾಯಿತು. ಆ ಸೌದೆಯನ್ನು ಸುತ್ತಮುತ್ತಲ ಬಡವರಿಗೆ ಕೊಟ್ಟುಬಿಡಬಹುದಿತ್ತಲ್ಲ ಎಂದು ಡಿಕನ್ಸ್ 1855ರ ಭಾಷಣವೊಂದರಲ್ಲಿ ಚುಚ್ಚಿದ್ದಾನೆ.

ಎರಡು ಭಾಗ ಮಾಡಿ ತಾಳೆ ನೋಡುವ ಈ ಉಪಾಯವೇ ಬ್ಯಾಂಕಿನ ಚೆಕ್ಕಿಗೂ ಹೆಸರು ಕೊಟ್ಟಿತು. ಬ್ಯಾಂಕರಿಗೆ ಕೈಬರಹದಲ್ಲಿ ‘ಇಂಥವರಿಗೆ ಇಷ್ಟು ಕೊಡಿ’ ಎಂದು ಬರೆದುಕೊಡುವ ಪದ್ಧತಿ ಲಂಡನ್ನಿನಲ್ಲಿ ಹದಿನೇಳನೆಯ ಶತಮಾನದ್ದು. ಈಗ ಉಳಿದಿರುವ ಬಹು ಹಳೆಯ ಚೀಟಿಗಳಲ್ಲಿ ಒಂದಕ್ಕೆ 1659ರ ಫೆಬ್ರವರಿ 16ರ ತಾರೀಖಿದೆ, ಮೊತ್ತ 400 ಪೌಂಡ್. ಆಗ ಅದನ್ನು ಚೆಕ್ ಎನ್ನುತ್ತಿರಲಿಲ್ಲ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಚೆಕ್ ಎಂದರೆ ಖೋಟಾ ತಡೆಯಲು ಇಟ್ಟುಕೊಳ್ಳುವ ಅಡಿಪ್ರತಿ, ಅಂದರೆ ಪುಸ್ತಕದಲ್ಲೇ ಉಳಿಯುವ ತುಂಡು. ಕ್ರಮೇಣ ಉಳಿಯುವ ತುಂಡಿನ ಹೆಸರು ಹರಿದುಕೊಡುವ ತುಂಡಿಗೆ ಅಂಟಿತು. ‘ಎಕ್ಸ್‌ಚೆಕರ್’ನ ನೆರಳು ಬಿದ್ದು ಬ್ರಿಟನ್ನಿನಲ್ಲಿ ಕಾಗುಣಿತ ಬದಲಾಯಿತು, ಅಮೆರಿಕ ಹಳೆಯದನ್ನೇ ಉಳಿಸಿಕೊಂಡಿತು. ಕನ್ನಡ ಲಿಪಿಯಲ್ಲಿ ಬರೆಯುವ ನಮಗೆ ಆ ಜಗಳವಿಲ್ಲ. ತಾಳೆ ನೋಡುವುದು, ಸರಿಯೇ ಎಂದು ಪರೀಕ್ಷಿಸುವುದು ಎಂಬ ಅರ್ಥವೂ ಹೆಚ್ಚುಕಡಿಮೆ ಆ ಕಾಲದಲ್ಲೇ ಬೇರೂರಿತು. ಗ್ಯಾಸಿನ ಗುಬುಟು ಮುಟ್ಟಿ ನೋಡುವ ನಮ್ಮ ‘ಚೆಕ್ ಮಾಡುವಿಕೆ’ ಆ ಕಡೆಯದು.

ಆದರೆ ಫಿಟ್ಜ್‌ನೀಲನ ಮೇಜಿನಲ್ಲಿ ಒಂದು ಕುರ್ಚಿ ಖಾಲಿ ಇತ್ತು. ಶೆರಿಫನ ಲೆಕ್ಕವನ್ನು ಅರಸ ಕೇಳುತ್ತಿದ್ದ. ಅರಸನ ಲೆಕ್ಕವನ್ನು ಕೇಳುವವರು ಯಾರು? 1672ರ ಜನವರಿಯಲ್ಲಿ ಎರಡನೆಯ ಚಾರ್ಲ್ಸ್ ದೊರೆ ತನಗೆ ಸಾಲ ಕೊಟ್ಟಿದ್ದ ಬ್ಯಾಂಕರುಗಳಿಗೆ ಖಜಾನೆಯಿಂದ ಕೊಡಬೇಕಿದ್ದ ಹಣವನ್ನು ನಿಲ್ಲಿಸಿಬಿಟ್ಟ. ಅವರಲ್ಲಿ ಹಲವರು ಅಕ್ಕಸಾಲಿಗ ವೃತ್ತಿಯಿಂದ ಬ್ಯಾಂಕಿಗೆ ಬಂದವರು. ಅವರಲ್ಲಿ ಕೆಲವರು ಮುಳುಗಿದರು, ಅವರನ್ನು ನಂಬಿ ಹಣವಿಟ್ಟವರೂ ಮುಳುಗಿದರು. ತಡೆ ಎಂಬ ಅರ್ಥದ ಹೆಸರಿನ ಮನೆಗೇ ಅರಸ ಬೀಗ ಹಾಕಿದಂತಾಯಿತು. ಮುಂದಿನ ತಲೆಮಾರು ಅದನ್ನು ಮರೆಯಲಿಲ್ಲ. 1689ರ ಹಕ್ಕುಗಳ ಮಸೂದೆ ಸಂಸತ್ತಿನ ಒಪ್ಪಿಗೆಯಿಲ್ಲದೆ ಅರಸ ತೆರಿಗೆ ಎತ್ತುವಂತಿಲ್ಲ ಎಂದು ಕಟ್ಟುಮಾಡಿತು. 1748ರಲ್ಲಿ ಫ್ರಾನ್ಸಿನ ಮಾಂಟೆಸ್ಕ್ಯೂ, ಅಧಿಕಾರವನ್ನು ತಡೆಯಬಲ್ಲದ್ದು ಅಧಿಕಾರವೇ, ಆದ್ದರಿಂದ ಅದನ್ನು ಹಂಚಿಡಬೇಕು ಎಂದು ವಾದಿಸಿದ. ಇಂಗ್ಲಿಷಿಗೆ ಆ ಮಾತು ಬಂದಾಗ ತಡೆಗೆ ಸಿಕ್ಕ ಪದ ‘ಚೆಕ್’. 1787ರಲ್ಲಿ ಅಮೆರಿಕದ ಸಂವಿಧಾನ ರಚನೆಯಾಗುವ ಹೊತ್ತಿಗೆ ‘ಚೆಕ್ಸ್ ಅಂಡ್ ಬ್ಯಾಲೆನ್ಸಸ್’ ಎಂಬ ನುಡಿಗಟ್ಟು ರಾಜಕೀಯದ ಮಾತಿನಲ್ಲಿ ನೆಲೆ ಕಂಡುಕೊಂಡಿತ್ತು. ಅರಸನನ್ನು ಕೂಗಿ ಕರೆದ ಪದ ಅರಸನೇ ಬೇಡವೆಂದವರ ಕೈಯಲ್ಲಿ ಹತಾರವಾದದ್ದು ಹೀಗೆ. ಇದನ್ನು ಯಾರೂ ಯೋಜಿಸಿ ಮಾಡಲಿಲ್ಲ.

ಅದೇ ಶಾಹ್ ಕನ್ನಡಕ್ಕೂ ಬಂದ, ಬೇರೆ ದಾರಿಯಲ್ಲಿ. ಇಂಗ್ಲೆಂಡಿಗೆ ಆಟದ ಕಾಯಿಯಾಗಿ ಹೋದವನು ಇಲ್ಲಿ ಸಿಂಹಾಸನದ ಮೇಲೇ ಕೂತ. 1347ರಲ್ಲಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಬಹಮನ್ ಶಾಹ್, ಆಮೇಲೆ ವಿಜಯಪುರದ ಆದಿಲ್‌ಶಾಹಿಗಳು, ಬೀದರಿನ ಬರೀದ್‌ಶಾಹಿಗಳು. ಅರಸುಮನೆತನಗಳು ಹೋದವು, ಶಹಾಪುರ, ಶಹಾಬಾದುಗಳು ನಕ್ಷೆಯಲ್ಲಿ ಉಳಿದವು. ಜೊತೆಗೆ ‘ಶಾಹಿ’ ಎಂಬ ಪ್ರತ್ಯಯ ಉಳಿಯಿತು. ಅಧಿಕಾರಶಾಹಿ, ಬಂಡವಾಳಶಾಹಿ, ಪುರೋಹಿತಶಾಹಿ, ವಸಾಹತುಶಾಹಿ, ಸಾಮ್ರಾಜ್ಯಶಾಹಿ ಎನ್ನುವಾಗ ಇವುಗಳಲ್ಲಿ ಒಂದನ್ನೂ ಯಾರೂ ಹೊಗಳಿಕೆಗೆ ಬಳಸುವುದಿಲ್ಲ. ಕಳೆದ ಶತಮಾನದ ಕನ್ನಡ ವೈಚಾರಿಕ ಬರಹದಿಂದ ಈ ಪ್ರತ್ಯಯವನ್ನು ಕಿತ್ತರೆ ಅರ್ಧ ಸಿಟ್ಟೇ ಹೋದೀತು. ಒಂದೇ ಪದ ಇಂಗ್ಲಿಷಿನಲ್ಲಿ ಹಿಡಿತಕ್ಕೆ ಹಾಕುವ ಕಡಿವಾಣವಾಯಿತು, ಕನ್ನಡದಲ್ಲಿ ಕಡಿವಾಣ ಕಿತ್ತ ಹಿಡಿತವಾಯಿತು. ಪಕ್ಕದ ಮರಾಠಿಯವರು ಮಾತ್ರ ಪ್ರಜಾಪ್ರಭುತ್ವಕ್ಕೇ ‘ಲೋಕಶಾಹಿ’ ಎಂದು ಕರೆದು ಅದೇ ಪ್ರತ್ಯಯವನ್ನು ಜನರ ಕೈಗೆ ಕೊಟ್ಟಿದ್ದಾರೆ. ಹಿಂದಿಯಲ್ಲಿ ‘ಶಹ್ ದೇನಾ’ ಎಂದರೆ ಇನ್ನೊಬ್ಬರಿಗೆ ಕುಮ್ಮಕ್ಕು ಕೊಡುವುದು. ಪದಗಳು ಎತ್ತ ಹೊರಳುತ್ತವೆಂದು ಮೊದಲೇ ಹೇಳಬಲ್ಲವರು ಯಾರೂ ಇಲ್ಲ.

ಇಂಗ್ಲಿಷಿನ ಚೆಕ್ಕೂ ನಮ್ಮ ಶಾಹಿಯೂ ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಯೇ ಎದುರುಬದುರಾದವು. ತಮ್ಮ ದೇಶದಲ್ಲಿ ಅರಸನ ಕೈ ಕಟ್ಟಿದವರು ಇಲ್ಲಿ ಅರಸರ ಲೆಕ್ಕ ಕೇಳಲು ಬಂದರು. 1831ರಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡರು. ದುರಾಡಳಿತ, ಬಾಕಿ ಬಿದ್ದ ಹಣ, ನಗರ ಸೀಮೆಯ ರೈತರ ದಂಗೆ ಇವು ಕೊಟ್ಟ ಕಾರಣಗಳು. ದಂಗೆಯೆದ್ದ ರೈತರ ಸಂಕಟ ಸುಳ್ಳಲ್ಲ. ಆದರೆ ಕಂಪನಿಯ ಲೆಕ್ಕವನ್ನು ಮೈಸೂರಿನವರು ಕೇಳುವಂತಿರಲಿಲ್ಲ. 1868ರಲ್ಲಿ ತೀರಿಕೊಳ್ಳುವವರೆಗೂ ಆ ದೊರೆಗೆ ಅರಮನೆ ಇತ್ತು, ಪದವಿ ಇತ್ತು, ಆಳ್ವಿಕೆ ಇರಲಿಲ್ಲ. ಕೈಯಲ್ಲಿದ್ದ ಬಿಡುವನ್ನು ಅವರು ಕಲೆ, ಗ್ರಂಥಗಳ ಜೊತೆಗೆ ಹಲಗೆಯಾಟಗಳಿಗೂ ಕೊಟ್ಟರು. ಹೊಸ ಆಟಗಳನ್ನು ಕಟ್ಟಿದರು, ಇದ್ದವನ್ನು ಹಿಗ್ಗಿಸಿದರು. ಚದುರಂಗದ ಕುದುರೆಯೊಂದನ್ನೇ ಹಿಡಿದು 64 ಮನೆಗಳನ್ನೂ ಒಂದೊಂದೇ ಬಾರಿ ಮುಟ್ಟಿಸಿಬರುವ ನಡಿಗೆಗಳನ್ನು ರಚಿಸಿದರು. ಏಳು ಶತಮಾನಗಳ ಹಿಂದೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನೂ ತನ್ನ ‘ಮಾನಸೋಲ್ಲಾಸ’ದಲ್ಲಿ ಚದುರಂಗವನ್ನು ವಿವರಿಸಿದ್ದುಂಟು. ಅದು ಆಳುವ ದೊರೆಯ ವಿನೋದ. ಕುದುರೆಯ ನಡಿಗೆಯ ಆಟದಲ್ಲಾದರೋ ಅರಸನ ಕಾಯಿಯೇ ಇಲ್ಲ ಎಂಬುದು ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆ ಹಲಗೆಗಳ ಚಿತ್ರ ಕಂಡಾಗ ಹೊಳೆಯದೆ ಇರುವುದಿಲ್ಲ.

ಕಾಲು ಶತಮಾನದ ಬಳಿಕ, 1856ರಲ್ಲಿ, ಅವಧ್ ಅದೇ ನೆಪದ ಮೇಲೆ ಕಂಪನಿಯ ಪಾಲಾಯಿತು. ಪದಚ್ಯುತನಾದ ನವಾಬನ ಹೆಸರಿನಲ್ಲಿಯೇ ಶಾಹ್ ಇದ್ದ: ವಾಜಿದ್ ಅಲಿ ಶಾಹ್. ರಾಜ್ಯ ಕೈಬಿಡುತ್ತಿದ್ದಾಗ ಲಖನೌದ ಇಬ್ಬರು ಜಹಗೀರುದಾರರು ಚದುರಂಗದಲ್ಲಿ ಮುಳುಗಿದ್ದ ಕತೆಯನ್ನು ಪ್ರೇಮಚಂದ್ 1924ರಲ್ಲಿ ಬರೆದರು, ಸತ್ಯಜಿತ್ ರೇ 1977ರಲ್ಲಿ ಸಿನಿಮಾ ಮಾಡಿದರು. ಚಿತ್ರದ ಕೊನೆಯಲ್ಲಿ ಆ ಇಬ್ಬರು ಇಂಗ್ಲಿಷರ ಕ್ರಮದಲ್ಲಿ ಆಡಲು ತೊಡಗುತ್ತಾರೆ. ಆ ಕ್ರಮದಲ್ಲಿ ನಮ್ಮ ಮಂತ್ರಿಯ ಜಾಗದಲ್ಲಿ ರಾಣಿ ನಿಲ್ಲುತ್ತಾಳೆ.

ಆ ರಾಣಿಯ ಕಾಲದ ಒಂದು ಕಾಯಿದೆ ಈಗಲೂ ನಮಗೆ ಸಂಬಂಧಪಟ್ಟದ್ದು. 1866ರಲ್ಲಿ ಬ್ರಿಟಿಷ್ ಸಂಸತ್ತು ಸರ್ಕಾರದ ಖರ್ಚನ್ನು ಪರಿಶೀಲಿಸಿ ಸಂಸತ್ತಿಗೆ ವರದಿ ಮಾಡುವ ಅಧಿಕಾರಿಯ ಹುದ್ದೆಯನ್ನು ಸೃಷ್ಟಿಸಿತು. ಅವನ ಉದ್ದನೆಯ ಬಿರುದಿನಲ್ಲಿ ‘ಎಕ್ಸ್‌ಚೆಕರ್’ ಇದೆ, ಮೊಟಕುಗೊಳಿಸಿದರೆ ‘ಕಂಪ್ಟ್ರೋಲರ್ ಅಂಡ್ ಆಡಿಟರ್ ಜನರಲ್’. ಖಾಲಿಯಿದ್ದ ಕುರ್ಚಿಗೆ ಕೊನೆಗೂ ಒಬ್ಬ ಸಿಕ್ಕ. ನಮ್ಮ ಸಂವಿಧಾನದ 148ನೆಯ ವಿಧಿ ಅದೇ ಹೆಸರನ್ನು ಉಳಿಸಿಕೊಂಡಿದೆ. ಪತ್ರಿಕೆಗಳಲ್ಲಿ ಸಿಎಜಿ ಎಂದು ನಾವು ಓದುವ ಮಹಾಲೇಖಪಾಲರು ಫಿಟ್ಜ್‌ನೀಲನ ಕಪ್ಪು ಬಟ್ಟೆಯ ದೂರದ ವಾರಸುದಾರರು. 1949ರ ಮೇ 30ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಈ ಹುದ್ದೆಯ ಬಗ್ಗೆ ಮಾತಾಡುತ್ತ, ಇಡೀ ಸಂವಿಧಾನದಲ್ಲಿ ಬಹುಶಃ ಇದಕ್ಕಿಂತ ಮುಖ್ಯವಾದ ಅಧಿಕಾರಿ ಇನ್ನೊಬ್ಬನಿಲ್ಲ ಎಂಬರ್ಥದ ಮಾತು ಹೇಳಿದರು. ನ್ಯಾಯಾಂಗಕ್ಕಿಂತಲೂ ಈ ಅಧಿಕಾರಿಯ ಹೊಣೆ ದೊಡ್ಡದೆಂದು ಅವರ ಅಭಿಪ್ರಾಯವಾಗಿತ್ತು. ಆ ಅಧಿಕಾರಿಗೂ ಕೊನೆಗೆ ಇರುವ ಬಲ ಪರ್ಷಿಯನ್ ಆಟಗಾರನದ್ದೇ: ಕಾಯಿಯನ್ನು ಎತ್ತಿಹಾಕುವುದಲ್ಲ, ಬಾಯಿಬಿಟ್ಟು ಹೇಳುವುದು. ವರದಿ ಸದನದ ಮೇಜಿನ ಮೇಲೆ ಬಂದ ನಂತರದ ನಡೆ ಸದನದ್ದು.

ಇನ್ನು ಆಟಕ್ಕೆ ಬಂದರೆ, ಶಾಲೆಯ ಜಗಲಿಯಲ್ಲಿ ಕೂತು ಆಡುವ ಮಕ್ಕಳು ಈಗಲೂ ‘ಚೆಕ್!’ ಎಂದು ಕೂಗುತ್ತಾರೆ. ಅಂತರರಾಷ್ಟ್ರೀಯ ಪಂದ್ಯಗಳ ನಿಯಮದ ಪ್ರಕಾರ ಹಾಗೆ ಹೇಳಬೇಕಾದ ಕಟ್ಟುಪಾಡಿಲ್ಲ. ದೊಡ್ಡ ಆಟಗಾರರು ಹೇಳುವುದೂ ಇಲ್ಲ, ಹೇಳಿದರೆ ಎದುರಿನವರ ಏಕಾಗ್ರತೆ ಕೆಡಿಸಿದಂತೆ ಎಂದು ಭಾವಿಸುತ್ತಾರೆ. ತನ್ನ ಮೇಲೆ ದಾಳಿ ಬಿದ್ದಿರುವುದನ್ನು ಅರಸನ ಕಡೆಯವರೇ ನೋಡಿಕೊಳ್ಳಬೇಕು.